ಪೀರ್‌ಟ್ಯೂಬ್: ಪಾರಿಜಾತದ ವಿಡಿಯೋ ಪೂರ್ತಿ ಅಪ್‌ಲೋಡ್ ಆಗತೈತಿ, ಆಮ್ಯಾಲ ಟ್ರಾನ್ಸ್‌ಕೋಡಿಂಗ್‌ನಾಗ ನಿಂತ್ ಬಿಡತೈತಿ

ಲೋಕಾಪುರ_ಆಟ:
ತಲಿ ಕೆಟ್ಟೈತ್ರಿ. ನನ್ನ ಪೀರ್‌ಟ್ಯೂಬ್‌ಗೆ (ಸ್ವಂತ ಸರ್ವರ್ ಮ್ಯಾಲ ನಡಸೋ ವಿಡಿಯೋ ತಾಣ) ಶ್ರೀಕೃಷ್ಣ ಪಾರಿಜಾತದ ರಾತ್ರಿ ಪೂರ್ತಿ ಆಟದ ರೆಕಾರ್ಡಿಂಗ್ ಹಾಕಾಕತ್ತೀನಿ. ಅಪ್‌ಲೋಡ್ 100% ತೋರಸ್ತೈತಿ, ಮುಂದ ಟ್ರಾನ್ಸ್‌ಕೋಡಿಂಗ್ (ವಿಡಿಯೋನ ಬ್ಯಾರೆ ಬ್ಯಾರೆ ಅಳತಿಗೆ ಬದಲಿಸೋ ಕೆಲಸ) ಅಂತ ಕುಂತದ್ದು ಏಳವಲ್ತು. ಸಣ್ಣ ಕ್ಲಿಪ್ ಸರಿ ಹೋಗತಾವು. ಸೆಟ್ಟಿಂಗ್ ಎಲ್ಲಾ ಸರಿ ಅದಾವು. ಏನ್ ಮಾಡ್ಬೇಕ್ರಿ?

ತಿಳಕವಾಡಿ_ಲಿನಕ್ಸ್:
ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ಬಾಡಿ ಸೈಜ್ ಮಿತಿ (ಒಮ್ಮೆಗೆ ಎಷ್ಟು ಡೇಟಾ ತಗೋತೈತಿ ಅನ್ನೋದು) ನೋಡ್ರಿ. ಸರ್ವರ್ ಮುಂದ ಕ್ಲೌಡ್‌ಫ್ಲೇರ್ (ನಡುವ ನಿಂತು ಡೇಟಾ ದಾಟಸೋ ಪ್ರಾಕ್ಸಿ ಸೇವೆ) ಇದ್ರ ಫ್ರೀ ಪ್ಲ್ಯಾನ್‌ಗೆ ಒಂದ್ ರಿಕ್ವೆಸ್ಟ್ 100 ಎಂಬಿ ಅಷ್ಟ. ಪ್ರಾಕ್ಸಿ ತಗೀರಿ.

ಜಲನಗರ_ಎಡಿಟ್:
ಅಪ್‌ಲೋಡ್ ಮುಗದೈತಿ ಅಂದಾರಲ್ರಿ. ಪೀರ್‌ಟ್ಯೂಬ್ ಫೈಲನ್ನ ತುಂಡು ಮಾಡಿ ಕಳಸತೈತಿ, ಡೀಫಾಲ್ಟ್ ತುಂಡು ಹೆಚ್ಚಂದ್ರ 90 ಎಂಬಿ. ಆ ಮಿತಿ ತಾಕೂದಿಲ್ಲ. ರ‍್ಯಾಮ್ ಎಷ್ಟು? ಫೈಲ್ ಯಾವ ರೆಸಲ್ಯೂಷನ್? ಡಿಮೆಸ್ಗ್ (ಲಿನಕ್ಸ್ ಕರ್ನಲ್‌ನ ಲಾಗ್) ಏನಂತೈತಿ?

ತಿಳಕವಾಡಿ_ಲಿನಕ್ಸ್:
ಆದ್ರೂ ಪ್ರಾಕ್ಸಿ ತಗದ ನೋಡ್ರಿ. ದೊಡ್ಡ ಫೈಲ್ ಕೈ ಕೊಟ್ರ ನನ್ನ ಅನುಮಾನ ಮೊದಲ ಅಲ್ಲೇ. ಲಾಗ್‌ನಾಗ 413 (ಕಳಿಸಿದ್ದು ಮಿತಿ ದಾಟೈತಿ ಅನ್ನೋ ಎರರ್) ಹುಡುಕ್ರಿ.

ಲೋಕಾಪುರ_ಆಟ:
ಕ್ಲೌಡ್‌ಫ್ಲೇರ್ ಇಲ್ಲವೇ ಇಲ್ಲ, 413 ಸೈತ ಇಲ್ಲ. 2 ಜಿಬಿ ರ‍್ಯಾಮ್ ಇರೋ ವಿಪಿಎಸ್ (ಬಾಡಿಗಿ ಸರ್ವರ್). 4ಕೆ, 100 ಎಂಬಿಪಿಎಸ್. ಕನ್ಕರೆನ್ಸಿ (ಒಮ್ಮೆಲೆ ಓಡೋ ಜಾಬ್) 3, ಥ್ರೆಡ್ 4. ಡಿಮೆಸ್ಗ್‌ನಾಗ ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್’, ಮುಂದ ವಿಡಿಯೋ ಬದಲಿಸೋ ಎಫ್‌ಎಫ್‌ಎಂಪೆಗ್ ಹೆಸರು.

ಜಲನಗರ_ಎಡಿಟ್:
ಉತ್ತರ ಅಲ್ಲೇ ಐತಿ. 4ಕೆ ಎನ್‌ಕೋಡ್ ಮೂರು ಒಮ್ಮೆಲೆ ಎದ್ರ 2 ಜಿಬಿ ಯಾವ ಮೂಲಿಗೂ ಸಾಲೂದಿಲ್ಲ, ಕರ್ನಲ್ ಎಫ್‌ಎಫ್‌ಎಂಪೆಗ್‌ನ್ನ ಕೊಲ್ಲತೈತಿ. ಕನ್ಕರೆನ್ಸಿ 1, ಥ್ರೆಡ್ 1 ಮಾಡ್ರಿ. 1440 ಮತ್ತ 2160 ಎರಡೂ ಬಂದ್ ಮಾಡ್ರಿ, ಮೂಲ ರೆಸಲ್ಯೂಷನ್ ಯಾವಾಗ್ಲೂ ಟ್ರಾನ್ಸ್‌ಕೋಡ್ ಮಾಡೋ ಆಯ್ಕೆನೂ ತಗೀರಿ. 4 ಜಿಬಿ ಸ್ವಾಪ್ ಫೈಲ್ (ರ‍್ಯಾಮ್ ತುಂಬಿದ್ರ ಬಳಸೋ ಡಿಸ್ಕ್ ಜಾಗ) ಹಾಕ್ರಿ, ಪರ್ಮಿಷನ್ 600. ಎಫ್‌ಎಸ್‌ಟ್ಯಾಬ್ ಫೈಲ್‌ನಾಗ ಸ್ವಾಪ್‌ನ ಸಾಲು ಬರೀಲಿಲ್ಲಂದ್ರ ರೀಬೂಟ್ ಆದ್ ಕೂಡ್ಲೆ ಹೋಗತೈತಿ. ಎಚ್‌ಎಲ್‌ಎಸ್ (ತುಂಡು ತುಂಡಾಗಿ ಹರಿಯೋ ವಿಡಿಯೋ ರೂಪ) ಜೋಡಿ ವೆಬ್ ವಿಡಿಯೋನೂ ಆನ್ ಇದ್ರ ಡಿಸ್ಕ್ ಎರಡು ಪಟ್ಟು ತಿಂತೈತಿ, ಎಚ್‌ಎಲ್‌ಎಸ್ ಒಂದ ಸಾಕು. ಆಮ್ಯಾಲ ಅಡ್ಮಿನ್‌ನ ವಿಡಿಯೋ ಪಟ್ಟಿಯಿಂದ ಎಚ್‌ಎಲ್‌ಎಸ್ ಟ್ರಾನ್ಸ್‌ಕೋಡಿಂಗ್ ಮತ್ತ ಓಡಸ್ರಿ, ಫೈಲ್ ಮತ್ತೊಮ್ಮೆ ಏರಿಸೋ ಜರೂರಿಲ್ಲ.

ನವನಗರ_ರೈಜನ್:
ಸ್ವಾಪ್ ಮ್ಯಾಲ 4ಕೆ ಓಡಿಸೋದು ಬ್ಯಾಡ್ರಿ, ದಿನಗಟ್ಟಲೆ ಆಗತೈತಿ. ಪೀರ್‌ಟ್ಯೂಬ್ ಆವೃತ್ತಿ 5.2ರಿಂದ ರಿಮೋಟ್ ರನ್ನರ್ (ಟ್ರಾನ್ಸ್‌ಕೋಡಿಂಗ್‌ನ್ನ ಬ್ಯಾರೆ ಕಂಪ್ಯೂಟರ್ ಮ್ಯಾಲ ಮಾಡೋ ಪ್ರೋಗ್ರಾಮ್) ಐತಿ. ನನ್ನ ರೈಜನ್ 8 ಕೋರ್, 32 ಜಿಬಿ, ಎನ್‌ವಿಎಂಇ ಮ್ಯಾಲ ಬೆಣ್ಣಿ ಹಂಗ ಓಡತೈತಿ. ಮನಿ ಪಿಸಿಯಾಗ ನೋಡ್.ಜೆಎಸ್, ಎಫ್‌ಎಫ್‌ಎಂಪೆಗ್, ಪೀರ್‌ಟ್ಯೂಬ್-ರನ್ನರ್ ಹಾಕ್ರಿ. ಮೊದಲ ಒಂದ್ ಟರ್ಮಿನಲ್‌ನಾಗ ರನ್ನರ್ ಸರ್ವರ್ ಚಾಲೂ ಇರಬೇಕು, ಇನ್ನೊಂದರಾಗ ಟೋಕನ್ ಕೊಟ್ಟು ರಿಜಿಸ್ಟರ್. ಪಬ್ಲಿಕ್ ಐಪಿ ಬೇಕಿಲ್ಲ, ರನ್ನರ್ ತಾನ ಹೋಗಿ ಜಾಬ್ ತರತೈತಿ.

ಜಲನಗರ_ಎಡಿಟ್:
ಮೂಲ ಫೈಲೂ ತರತೈತಲ್ರಿ! 100 ಎಂಬಿಪಿಎಸ್ ಅಂದ್ರ ತಾಸಿಗೆ 45 ಜಿಬಿ. ಮನಿಯಿಂದ ಏರಿಸಿದ್ದು ಮತ್ತ ಮನಿಗೆ ಇಳಿಯೂದು. ಪಿಸಿ ಗಟ್ಟಿ ಇದ್ರ ಏರಿಸೋಕಿಂತ ಮೊದಲ 1080ಕ್ಕ ಇಳಸ್ರಿ: ಎಕ್ಸ್264 ಎನ್‌ಕೋಡರ್, ಸಿಆರ್‌ಎಫ್ (ಗುಣಮಟ್ಟದ ಅಂಕಿ) 20, ಎಎಸಿ ಆಡಿಯೋ. 4ಕೆ ಮೂಲ ಎರಡು ಹಾರ್ಡ್‌ಡಿಸ್ಕ್ ಮ್ಯಾಲ ಇಡ್ರಿ, ಅಳಸಬ್ಯಾಡ್ರಿ. ಇಂಥ ಆಟ ಮತ್ತ ಹಂಗ ಸಿಗೂದಿಲ್ಲ.

ತಿಳಕವಾಡಿ_ಲಿನಕ್ಸ್:
ರನ್ನರ್ ನಡದಾಗ ಕರೆಂಟ್ ಹೋದ್ರ?

ನವನಗರ_ರೈಜನ್:
ಡೀಫಾಲ್ಟ್ ಪ್ರಕಾರ 2 ನಿಮಿಷ ಸುದ್ದಿ ಇಲ್ಲಂದ್ರ ಸರ್ವರ್ ಆ ಜಾಬನ್ನ ಮತ್ತ ಸರದಿಗೆ ಹಾಕತೈತಿ. ಆದ್ರ ಆ ಜಾಬ್ ಮೊದಲಿಂದ ಶುರು. ಅದಕ್ಕ ಆಟನ ಪ್ರವೇಶವಾರು ತುಂಡು ಮಾಡ್ರಿ, ಕಾಪಿ ಮೋಡ್‌ನಾಗ (ಮತ್ತ ಎನ್‌ಕೋಡ್ ಮಾಡದ) ಕತ್ತರಿಸಿದ್ರ ಗುಣಮಟ್ಟ ಕೆಡೂದಿಲ್ಲ. ಕತ್ತರಿ ಕೀಫ್ರೇಮ್ (ಪೂರ್ತಿ ಚಿತ್ರ ಇರೋ ಫ್ರೇಮ್) ಮ್ಯಾಲನ ಬೀಳತೈತಿ, ಹಾಡಿನ ನಡುವ ಬೀಳಧಂಗ ಎರಡು ಸೆಕೆಂಡ್ ಮೊದಲ ಇಡ್ರಿ.