ಮಸ್ಟಂಗ್ ಜಿಟಿಯೋ, 718 ಕೇಮನ್ನೋ? ಮಲೆನಾಡಲ್ಲಿ ಹತ್ತು ವರ್ಷ ಇಟ್ಟುಕೊಳ್ಳೋಕೆ ಯಾವುದು

ತೀರ್ಥಹಳ್ಳಿ ಕಡೆಯಿಂದ ಕೇಳಿದ್ದು

ನಮಸ್ಕಾರ ಎಲ್ಲರಿಗೂ. ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದೇನೆ. ಒಂದು 2017ರ ಫೋರ್ಡ್ ಮಸ್ಟಂಗ್ ಜಿಟಿ, 5 ಲೀಟರ್ ವಿ8. ಇನ್ನೊಂದು 2018ರ ಪೋರ್ಷೆ 718 ಕೇಮನ್, 2 ಲೀಟರ್ ಟರ್ಬೊ. ಮನೆ ತೀರ್ಥಹಳ್ಳಿಯಿಂದ ಒಳಗೆ, ಕೊನೆಗೆ ಸ್ವಲ್ಪ ಮಣ್ಣು ರಸ್ತೆ. ದಿನದ ಓಡಾಟಕ್ಕೆ ಜೀಪು ಇದೆ. ಇದು ಭಾನುವಾರಕ್ಕೆ, ಹಬ್ಬಕ್ಕೆ, ಬೆಂಗಳೂರು ಉಡುಪಿಗೆ ಹೋಗಿಬರೋಕೆ. ವರ್ಷಕ್ಕೆ 6,000 ಕಿಲೋಮೀಟರ್ ಅಂದುಕೊಳ್ಳಿ. ತಗೊಂಡರೆ ಹತ್ತು ವರ್ಷ ಮಾರಲ್ಲ. ಓಡಿಸೋಕೆ ಯಾವುದು ಚಂದ ಅಂತ ಕೇಳುತ್ತಿಲ್ಲ, ಎರಡೂ ಚಂದವೇ. ಇಟ್ಟುಕೊಂಡವರು ಖರ್ಚು ಹೇಳಿ, ತಲೆನೋವು ಹೇಳಿ.

ಶಿವಮೊಗ್ಗದಿಂದ, ಮಸ್ಟಂಗ್ ಇಟ್ಟುಕೊಂಡವರು

ನಮ್ಮನೆಯಲ್ಲಿ ಇದೇ ಮಸ್ಟಂಗ್ ಇದೆ, ಅದರ ಕಥೆ ಹೇಳುತ್ತೇನೆ. ಎಲ್ಲರೂ ಮೊದಲು ಕೇಳೋದು ಮೈಲೇಜ್. ಊರೊಳಗೆ 5, ಹೆದ್ದಾರಿಯಲ್ಲಿ ಕಾಲು ಹಗುರ ಇಟ್ಟರೆ 7-8, ಒಟ್ಟಾರೆ 6 ಹಿಡಿಯಿರಿ. ನಿಮ್ಮ 6,000 ಕಿಲೋಮೀಟರಿಗೆ 1,000 ಲೀಟರ್ ಆಯ್ತು. ಕೇಮನ್ 9 ಕೊಟ್ಟರೆ ಅದಕ್ಕೆ 670 ಲೀಟರ್ ಬೇಕು. ವ್ಯತ್ಯಾಸ 330 ಲೀಟರ್, ವರ್ಷಕ್ಕೆ 35,000 ರೂಪಾಯಿ ಆಸುಪಾಸು. ಅದರಲ್ಲೂ ಈ ವಿ8ಗೆ ಟರ್ಬೊ ಇಲ್ಲ, ಸಾಮಾನ್ಯ ಪೆಟ್ರೋಲಲ್ಲೇ ನಡೆಯುತ್ತದೆ. ಕೇಮನ್‌ಗೆ ಕಡಿಮೆ ಅಂದರೂ 95 ಆಕ್ಟೇನ್ ಬೇಕು, ಪ್ರೀಮಿಯಂ ಹಾಕಿಸಿದರೆ ಆ ವ್ಯತ್ಯಾಸ ಇನ್ನೂ ಕಡಿಮೆಯಾಗುತ್ತದೆ. ಇಷ್ಟು ದುಡ್ಡು ಸುರಿದು ಕಾರು ತಂದು ಮೈಲೇಜ್ ಲೆಕ್ಕ ಹಾಕೋದು ಆನೆ ತಂದು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಎಂಜಿನ್ ಬಗ್ಗೆ ಹೆದರಬೇಡಿ. ಅಮೆರಿಕದಲ್ಲಿ ಕೊಯೋಟಿ ಅನ್ನೋ ಹೆಸರಿನ ಇದೇ ವಿ8 ಎಂಜಿನ್ ಕುಟುಂಬ ಫೋರ್ಡ್ ಎಫ್-150 ಪಿಕಪ್‌ನಲ್ಲೂ ಓಡುತ್ತದೆ. ಟೈಮಿಂಗ್ ಚೈನ್ ಇದೆ, ಬೆಲ್ಟ್ ಬದಲಿಸೋ ಗೋಜಿಲ್ಲ. ಬಾನೆಟ್ ಎತ್ತಿದರೆ ಎಲ್ಲ ಕಣ್ಣೆದುರಿಗೆ ಇರುತ್ತದೆ, ಆಯಿಲ್ ನೋಡೋಕೆ ಕಡ್ಡಿ ಇದೆ. ಆಯಿಲ್ ಮಾತ್ರ 7.6 ಲೀಟರ್ ಕುಡಿಯುತ್ತದೆ, 5ಡಬ್ಲ್ಯೂ-20. ಫಿಲ್ಟರ್, ಪ್ಲಗ್, ಬ್ರೇಕ್ ಪ್ಯಾಡ್ ತರಿಸಿಕೊಂಡರೆ ಊರಲ್ಲೇ ಒಳ್ಳೆ ಮೆಕ್ಯಾನಿಕ್ ಮಾಡಿಕೊಡುತ್ತಾರೆ.

ತಲೆನೋವು ಇರೋದು ಬಾಡಿ ಪಾರ್ಟ್ಸ್‌ನಲ್ಲಿ. ಫೋರ್ಡ್ ಇಲ್ಲಿ ಕಾರು ತಯಾರಿ ನಿಲ್ಲಿಸುತ್ತೇವೆ ಅಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಸರ್ವಿಸ್, ಬಿಡಿಭಾಗ ಕೊಡುತ್ತೇವೆ ಅಂದರು, ಆದರೆ ಮಸ್ಟಂಗ್ ಮೊದಲಿಂದಲೂ ಹೊರಗಿಂದ ಬಂದ ಕಾರು. ಮಂಡಗದ್ದೆ ಹತ್ತಿರ ಕಾಡುಹಂದಿ ಅಡ್ಡ ಬಂದು ನಮ್ಮ ಕಾರಿನ ಎಡಗಡೆ ಹೆಡ್‌ಲೈಟ್, ಬಂಪರ್ ಹೋಯ್ತು. ಬಂಪರ್ ಹೇಗೋ ಆಯ್ತು, ಹೆಡ್‌ಲೈಟ್‌ಗೆ ತಿಂಗಳುಗಟ್ಟಲೆ ಕಾದಿದ್ದೇವೆ. ಅಮೆರಿಕದ ಲೈಟ್ ಬೇಗ ಸಿಗುತ್ತದೆ, ಆದರೆ ಅದರ ಬೆಳಕು ಅಲ್ಲಿಯ ಬಲಬದಿ ಓಡಾಟಕ್ಕೆ ಮಾಡಿದ್ದು, ಇಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆಯದ್ದೇ ಬೇಕು. ಪುಣ್ಯಕ್ಕೆ ಈ ತಲೆಮಾರಿನ ಮಸ್ಟಂಗ್ ಅಲ್ಲೂ ಬಲಗಡೆ ಸ್ಟೀರಿಂಗ್‌ನಲ್ಲೇ ಮಾರಾಟವಾಗಿದೆ.

ಇನ್ನೊಂದು, ಅಗಲ. ಕನ್ನಡಿ ಬಿಟ್ಟು 1.9 ಮೀಟರ್. ಕೇಮನ್ 1.8. ಹತ್ತು ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು, ಎದುರಿಂದ ಬಸ್ಸು ಬಂದು ಎಡಗಡೆ ಚರಂಡಿ ಕಾಣಿಸಿದಾಗ ಗೊತ್ತಾಗುತ್ತದೆ ಮಾರಾಯ್ರೆ.

ಸಾಗರದಿಂದ, ಕೇಮನ್ ಇಟ್ಟುಕೊಂಡವರು

ಮೇಲಿನವರ ಪೆಟ್ರೋಲ್ ಲೆಕ್ಕ ಸರಿ ಇದೆ. ನನ್ನ ಪ್ರಕಾರ ಈ ಎರಡು ಕಾರಿನ ಮಧ್ಯೆ ಓಡುವಾಗಿನ ಖರ್ಚು ನೋಡಿ ತೀರ್ಮಾನ ಮಾಡೋದೇ ತಪ್ಪು. ನಮ್ಮ ಕಡೆ ಇಂಥ ಕಾರು ಹಾಳಾಗೋದು ನಿಂತಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಮನೆಯೊಳಗಿನ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇನ್ನು ಲೆದರ್ ಸೀಟು ಬಿಟ್ಟೀತಾ?

ಕೇಮನ್‌ನಲ್ಲಿ ನಾನು ಕಂಡಿದ್ದನ್ನು ಬಿಡಿಸಿ ಹೇಳುತ್ತೇನೆ. ಎಂಜಿನ್ ಸೀಟಿನ ಹಿಂದೆ, ಮಧ್ಯದಲ್ಲಿದೆ. ರೇಡಿಯೇಟರ್ ಮಾತ್ರ ಮುಂದೆ, ಬಂಪರಿನ ಎರಡು ಕಡೆಯ ದೊಡ್ಡ ಬಾಯಿಯ ಹಿಂದೆ. ಆ ಬಾಯಿಗೆ ರಸ್ತೆಯ ಎಲೆಯೆಲ್ಲ ಹೋಗಿ ಕೂರುತ್ತದೆ. ಟಾರ್ಚ್ ಬಿಟ್ಟು ನೋಡಿ, ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ಮಧ್ಯೆ ಕೊಳೆತ ಎಲೆ, ಕೆಸರು ಸೇರಿ ಗೊಬ್ಬರ ಆಗಿರುತ್ತದೆ. ಅದು ಒದ್ದೆಯಾಗಿಯೇ ಇದ್ದು ಅಲ್ಯೂಮಿನಿಯಂ ತಿನ್ನುತ್ತದೆ. ಕೊನೆಗೆ ಎಸಿ ಗ್ಯಾಸ್ ನಿಲ್ಲಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಂಪರ್ ಬಿಚ್ಚಿಸಿ ತೊಳೆಸುತ್ತೇನೆ. ಬಾಯಿಗೆ ಸಣ್ಣ ಜಾಲರಿ ಹಾಕಿಸಿದರೆ ಮುಕ್ಕಾಲು ಕೆಲಸ ಉಳಿಯುತ್ತದೆ.

ಆಮೇಲೆ ಬ್ಯಾಟರಿ. ಅದು ಇರೋದು ಮುಂದಿನ ಡಿಕ್ಕಿಯೊಳಗೆ, ಆ ಡಿಕ್ಕಿ ತೆಗೆಯೋದು ಕರೆಂಟಿನ ಬೀಗ. ಬ್ಯಾಟರಿ ಸತ್ತರೆ ಬ್ಯಾಟರಿ ಇರೋ ಜಾಗವೇ ತೆರೆಯಲ್ಲ! ಇದಕ್ಕೆ ದಾರಿ ಇದೆ. ಕಾಲಿಡೋ ಜಾಗದ ಪಕ್ಕ ಫ್ಯೂಸ್ ಬಾಕ್ಸಲ್ಲಿ ಹೊರಗೆ ಎಳೆಯೋ ಒಂದು ಕೆಂಪು ಟರ್ಮಿನಲ್ ಇರುತ್ತದೆ, ಬೇರೆ ಬ್ಯಾಟರಿಯಿಂದ ಅದಕ್ಕೆ ವೈರ್ ಕೊಟ್ಟರೆ ಬೀಗ ಬಿಡುತ್ತದೆ. ಕಾರು ತಂದ ದಿನವೇ ಮ್ಯಾನ್ಯುಯಲ್ ಇಟ್ಟುಕೊಂಡು ಒಮ್ಮೆ ಮಾಡಿ ಕಲಿತುಕೊಳ್ಳಿ, ಕತ್ತಲಲ್ಲಿ ಮಳೆಯಲ್ಲಿ ಕಲಿಯೋದಲ್ಲ ಅದು. ಬ್ಯಾಟರಿ ಸಾಯದ ಹಾಗೆ ನಿಧಾನ ಚಾರ್ಜರ್ ಹಾಕಿಟ್ಟರೆ ಇನ್ನೂ ಒಳ್ಳೇದು.

ಇಲಿ. ಮಸ್ಟಂಗ್‌ನಲ್ಲಿ ಬಾನೆಟ್ ಎತ್ತಿದರೆ ಇಲಿ ಕೂತಿದ್ದು ಕಾಣುತ್ತದೆ. ಕೇಮನ್‌ನಲ್ಲಿ ನಮಗೆ ಕಾಣೋದು ಹಿಂದಿನ ಡಿಕ್ಕಿಯಲ್ಲಿ ಆಯಿಲ್ ಮತ್ತು ಕೂಲೆಂಟ್ ಹಾಕೋ ಎರಡು ಮುಚ್ಚಳ, ಅಷ್ಟೇ. ಆಯಿಲ್ ಕಡ್ಡಿಯೂ ಇಲ್ಲ, ಸ್ಕ್ರೀನಲ್ಲೇ ನೋಡಬೇಕು. ಒಳಗೆ ಇಲಿ ಸಂಸಾರ ಹೂಡಿದರೂ ವೈರ್ ಕಡಿದು ದೀಪ ಹತ್ತಿದ ಮೇಲೇ ಸುದ್ದಿ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಮಾಡಿ ನೋಡಿದ್ದೇನೆ, ಅಡಿಕೆ ಮನೆಯ ಇಲಿ ಅದಕ್ಕೆಲ್ಲ ಕೇರ್ ಮಾಡಲ್ಲ. ಭತ್ತ, ಅಡಿಕೆ, ದನದ ಹಿಂಡಿ ಇಡೋ ಕಡೆ ಕಾರು ಇಡಬೇಡಿ. ಶೆಡ್ಡಿನ ಬಾಗಿಲ ಕೆಳಗೆ ಸಂದಿ ಬಿಡಬೇಡಿ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗೋವರೆಗೆ ಓಡಿಸಿ, ಸುಮ್ನೆ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಸೈಲೆನ್ಸರಲ್ಲಿ ನೀರು ನಿಲ್ಲೋದು ಬಿಟ್ಟರೆ ಲಾಭ ಇಲ್ಲ.

ಸರ್ವಿಸ್ ದುಬಾರಿ, ಅದನ್ನು ಮುಚ್ಚಿಡಲ್ಲ. ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಆಗಬೇಕು, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಪಿಡಿಕೆಗೆ, ಅಂದರೆ ಪೋರ್ಷೆಯ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ, ಕಂಡಕಂಡವರು ಕೈ ಹಾಕೋ ಹಾಗಿಲ್ಲ. ಟೈರ್ ಮೇಲೆ ಎನ್0, ಎನ್1 ಅಂತ ಗುರುತು ಇರಬೇಕು, ಪೋರ್ಷೆ ಒಪ್ಪಿದ ಟೈರ್ ಅಂತ ಅರ್ಥ, ಅದು ಬೇರೆ ಟೈರಿಗಿಂತ ಜಾಸ್ತಿ ಬೆಲೆ, ಊರಲ್ಲಿ ಸಿಗಲ್ಲ. ಸ್ಟೆಪ್ನಿ ಇಲ್ಲ, ಪಂಕ್ಚರ್‌ಗೆ ಅಂಟು ಮತ್ತು ಪಂಪ್ ಕೊಟ್ಟಿರುತ್ತಾರೆ. ಟೈರ್ ಬದಿ ಸೀಳಿದರೆ ಅದು ಕೆಲಸಕ್ಕೆ ಬರಲ್ಲ.

ಇಷ್ಟೆಲ್ಲ ಹೇಳಿಯೂ ಹತ್ತು ವರ್ಷಕ್ಕೆ ಅಂದರೆ ನಾನು ಕೇಮನ್ ಅನ್ನುತ್ತೇನೆ. ಪೆಟ್ರೋಲ್ 718 ತಯಾರಿ 2025ರಲ್ಲಿ ನಿಂತಿರಬಹುದು, ಆದರೆ ಕಂಪನಿ ಇಲ್ಲೇ ಇದೆ, ಬೆಂಗಳೂರಲ್ಲಿ ವರ್ಕ್‌ಶಾಪ್ ಇದೆ, ಚಾಸಿ ನಂಬರ್ ಕೊಟ್ಟರೆ ಯಾವ ಬೋಲ್ಟ್ ಬೇಕು ಅಂತ ಹೇಳುತ್ತಾರೆ. ದುಡ್ಡು ಕೇಳುತ್ತಾರೆ, ಹುಡುಕಾಟ ಇಲ್ಲ. ಮಸ್ಟಂಗ್‌ನಲ್ಲಿ ದುಡ್ಡು ಕಡಿಮೆ, ಹುಡುಕಾಟ ನಿಮ್ಮದು. ಅದನ್ನು ಖುಷಿಯಿಂದ ಮಾಡೋರೂ ಇದ್ದಾರೆ, ಅವರಿಗೆ ಮಸ್ಟಂಗೇ ಸರಿ.

ಶಿವಮೊಗ್ಗ, ಗ್ಯಾರೇಜ್ ನಡೆಸುವವರು

ಎರಡು ಮಾತು. ಕೆಳಭಾಗ ತಾಗೋ ವಿಷಯದಲ್ಲಿ ಬರೀ ಗ್ರೌಂಡ್ ಕ್ಲಿಯರೆನ್ಸ್ ನೋಡಬೇಡಿ, ಎರಡೂ ಕಡಿಮೆಯೇ. ಮಸ್ಟಂಗ್‌ನ ಎರಡು ಚಕ್ರದ ಮಧ್ಯದ ಉದ್ದ 2,720 ಮಿಲಿಮೀಟರ್, ಕೇಮನ್‌ನದ್ದು 2,475. ನಮ್ಮ ಊರಿನ ಕತ್ತೆಬೆನ್ನಿನ ಹಂಪ್ಸಲ್ಲಿ ಉದ್ದ ಕಾರಿಗೇ ಹೊಟ್ಟೆ ಉಜ್ಜೋದು ಜಾಸ್ತಿ. ಕೇಮನ್ ಹೊಟ್ಟೆ ಪಾರಾದರೂ ಗಲ್ಲ, ಅಂದರೆ ಮುಂದಿನ ಬಂಪರ್‌ನ ಕೆಳಭಾಗ, ತಾಗುತ್ತದೆ. ತಗೊಳ್ಳೋ ಮೊದಲು ಲಿಫ್ಟ್ ಮೇಲೆ ಏರಿಸಿ ಕೆಳಗಿನ ಪ್ಲಾಸ್ಟಿಕ್ ಶೀಟ್ ನೋಡಿ, ಅದರ ಗೀರು ಮಾರೋರ ಮಾತಿಗಿಂತ ನಿಜ ಹೇಳುತ್ತದೆ. ಟೈರ್ ಬದಿಯ ನಾಲ್ಕು ಅಂಕಿಯಲ್ಲಿ ವಾರ, ವರ್ಷ ಇರುತ್ತದೆ, ಟೈರ್ ಸವೆಯದೆ ಚೆನ್ನಾಗಿದ್ದರೂ ವಯಸ್ಸಾಗಿದ್ದರೆ ಹೊಸ ಸೆಟ್ಟಿನ ಬೆಲೆ ಕಳೆದು ಮಾತಾಡಿ.

ಮಳೆಯಲ್ಲಿ ಆಗುಂಬೆ ಇಳಿಯೋರು ಮಸ್ಟಂಗ್‌ನ ಸ್ನೋ/ವೆಟ್ ಮೋಡ್ ಹಾಕಿಕೊಳ್ಳಿ. 500 ಎನ್‌ಎಂ ದಾಟಿದ ಟಾರ್ಕ್, ಅಂದರೆ ಚಕ್ರ ತಿರುಗಿಸೋ ಬಲ, ಬರೀ ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ, ಹೇರ್‌ಪಿನ್‌ನಲ್ಲಿ ಪಾಚಿ ಇರುತ್ತದೆ, ಮುಂದಿಂದು ನಿಮಗೇ ಗೊತ್ತು.

ಹೊಸನಗರದಿಂದ

ಕಾಗದದ ಖರ್ಚು ಯಾರೂ ಹೇಳಲಿಲ್ಲ. ಕರ್ನಾಟಕ ರಿಜಿಸ್ಟ್ರೇಷನ್ ಇರೋ ಕಾರನ್ನೇ ನೋಡಿ. ಇಲ್ಲಿ 20 ಲಕ್ಷ ಮೇಲಿನ ಕಾರಿಗೆ ಆಜೀವ ತೆರಿಗೆ 18%, ಅದರ ಮೇಲೆ ಸೆಸ್. ಹೊರ ರಾಜ್ಯದ ಕಾರು ತಂದರೆ ವಯಸ್ಸಿಗೆ ತಕ್ಕ ಹಾಗೆ ಕಡಿಮೆ ಮಾಡಿದರೂ ಲಕ್ಷಗಟ್ಟಲೆ ಕಟ್ಟಬೇಕು. ದೆಹಲಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅನ್ನೋರ ಅರ್ಧ ಲಾಭ ಆರ್‌ಟಿಒ ಕಚೇರಿಯಲ್ಲೇ ಮುಗಿಯುತ್ತದೆ.

ಇನ್ಶೂರೆನ್ಸಲ್ಲಿ ಥರ್ಡ್ ಪಾರ್ಟಿ ಎರಡಕ್ಕೂ ಒಂದೇ, 1,500 ಸಿಸಿ ಮೇಲೆ 7,897 ರೂಪಾಯಿ, ಜಿಎಸ್‌ಟಿ ಬೇರೆ. ಮುಖ್ಯವಾದದ್ದು ಬಂಪರ್ ಟು ಬಂಪರ್, ಅಂದರೆ ಝೀರೋ ಡೆಪ್ರಿಸಿಯೇಶನ್. ಸಾಮಾನ್ಯವಾಗಿ ಕಾರಿಗೆ ಐದು ವರ್ಷ ಆಗೋವರೆಗೆ ಕೊಡುತ್ತಾರೆ, ಕೆಲವರು ಏಳು. ನೀವು ನೋಡಿರೋ ಎರಡೂ ಆ ವಯಸ್ಸು ದಾಟಿವೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮ ಜೇಬಿಂದ. ಇವತ್ತಿನ ಬಂಪರ್ ಪೂರ್ತಿ ಪ್ಲಾಸ್ಟಿಕ್ ಅಲ್ವಾ. ಒಂದು ಹಂದಿ, ಒಂದು ದನ ಅಡ್ಡ ಬಂದರೆ ಎರಡು ವರ್ಷದ ಸರ್ವಿಸ್ ದುಡ್ಡು ಅಲ್ಲೇ ಹೋಗಬಹುದು. ಎಂಜಿನ್ ಪ್ರೊಟೆಕ್ಟ್ ಸಿಕ್ಕರೆ ಬಿಡಬೇಡಿ, ನೀರು ನುಗ್ಗಿದ ಎಂಜಿನ್ ಮಾಮೂಲಿ ಪಾಲಿಸಿಯಲ್ಲಿ ಬರೋದು ಕಷ್ಟ.

ಹತ್ತು ವರ್ಷ ಅಂದಿರಲ್ಲ, ಮಧ್ಯದಲ್ಲಿ ರಿಜಿಸ್ಟ್ರೇಷನ್‌ಗೆ 15 ವರ್ಷ ತುಂಬುತ್ತದೆ, ಮಸ್ಟಂಗಿಗೆ 2032ರಲ್ಲಿ. ಹೊರದೇಶದಿಂದ ತಂದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ ಆಗಿದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.

ತೀರ್ಥಹಳ್ಳಿಯಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಹುಡುಕಾಟ ಮಾಡೋ ತಾಳ್ಮೆ ನನಗಿಲ್ಲ, ಕೇಮನ್ ಕಡೆಗೇ ಮನಸ್ಸು ವಾಲಿದೆ. ಅದು ಕೆಎ ನಂಬರ್ ಬೇರೆ. ಆದರೆ ದಾರಿ ಮಧ್ಯೆ ಕೈ ಕೊಟ್ಟರೆ ಬೆಂಗಳೂರು 350 ಕಿಲೋಮೀಟರ್ ಹತ್ತಿರ ಆಯ್ತಲ್ಲ? ಮತ್ತೆ ಆ ಮಣ್ಣು ರಸ್ತೆಗೆ ಏನು ಮಾಡಲಿ?

ಸಾಗರದಿಂದ

ಇನ್ಶೂರೆನ್ಸಿನ ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ಕಿಲೋಮೀಟರ್‌ವರೆಗೆ ಎಳೆದುಕೊಂಡು ಹೋಗುತ್ತದೆ ಅಂತ ಬರಹದಲ್ಲಿ ಕೇಳಿ. ಅದರಾಚೆಗೆ ನೀವೇ ಕೊಡಬೇಕು, ಹಾಗಾಗಿ ಫ್ಲಾಟ್‌ಬೆಡ್ ಲಾರಿ ಇಟ್ಟವರ ನಂಬರ್ ಶಿವಮೊಗ್ಗದಲ್ಲಿ ಒಂದು ಹಿಡಿದಿಟ್ಟುಕೊಳ್ಳಿ. ಎರಡು ಚಕ್ರ ಎತ್ತಿ ಎಳೆಯೋ ಕ್ರೇನಿಗೆ ಮಾತ್ರ ಕೊಡಬೇಡಿ. ಎಳೆಯೋ ಕೊಕ್ಕೆ ಟೂಲ್ ಕಿಟ್‌ನಲ್ಲಿರುತ್ತದೆ, ಬಂಪರ್ ಮೇಲಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕಬೇಕು. ಕಾರು ಕೊಳ್ಳುವಾಗ ಅದು ಇದೆಯಾ ಅಂತ ನೋಡಿ, ಎಷ್ಟೋ ಕಾರಲ್ಲಿ ಕಳೆದುಹೋಗಿರುತ್ತದೆ.

ಮಣ್ಣು ರಸ್ತೆಗೆ ಬೇಸಿಗೆಯಲ್ಲಿ ಜಲ್ಲಿ ಹಾಕಿಸಿ ರೋಲರ್ ಹೊಡೆಸಿ, ಮಧ್ಯದ ದಿಬ್ಬ ತೆಗೆಸಿ. ಆದರೂ ಮಳೆಗಾಲಕ್ಕೆ ಅಲ್ಲಿಗೆ ತರಬೇಡಿ. ಆ ನಾಲ್ಕು ತಿಂಗಳು ತೀರ್ಥಹಳ್ಳಿ ಪೇಟೆಯಲ್ಲೇ ಸಿಮೆಂಟ್ ನೆಲದ ಶೆಡ್ ಬಾಡಿಗೆಗೆ ಹಿಡಿಯಿರಿ. ಪೆಟ್ರೋಲ್ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಶೆಡ್ ನೋಡೋಕೆ ಹೋದಾಗ ಮೊದಲು ಕರೆಂಟ್ ಪಾಯಿಂಟ್ ಇದೆಯಾ ನೋಡಿ, ಚಾರ್ಜರ್ ಹಾಕಬೇಕಲ್ಲ.