ನಾಯಿ ಜೊತೆ ಬೇಕಲ ಕೋಟೆಗೆ ಹೋಗಬಹುದಾ?

ಕರಿಯನ ಅಮ್ಮ, ಮಂಗಳೂರು:
ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಅತ್ತೆ, ಮಾವನನ್ನು ಕರೆದುಕೊಂಡು ಕಾರಿನಲ್ಲಿ ಕಾಸರಗೋಡಿನ ಬೇಕಲಕ್ಕೆ ಹೊರಟಿದ್ದೇವೆ. ನಮ್ಮ ಕರಿಯನೂ ಬರಲೇಬೇಕು. ಊರ ನಾಯಿ, ಆರು ವರ್ಷ. ನಾವಿಲ್ಲದಿದ್ದರೆ ಅನ್ನ ಮುಟ್ಟುವುದಿಲ್ಲ. ಬೆಲ್ಟ್ ಹಾಕಿದರೆ ಪಕ್ಕದಲ್ಲೇ ನಡೆಯುತ್ತಾನೆ, ಯಾರ ಮೈಮೇಲೂ ಹಾರುವುದಿಲ್ಲ. ಕೋಟೆ ಒಳಗೆ ಬಿಡುತ್ತಾರಾ? ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಮಾವನಿಗೆ ಕೆಳದಿ ಅರಸರ ಕತೆ ಅಂದರೆ ಪ್ರಾಣ, ಹಾಗಾಗಿ ಬರೀ ಬೀಚ್ ನೋಡಿ ವಾಪಸ್ ಬರುವ ಹಾಗಿಲ್ಲ.

ಉದುಮದವ:
ನಾನು ಕೋಟೆಯ ಹತ್ತಿರದವನೇ, ಮನೆಯಲ್ಲಿ ನಾಯಿಯೂ ಉಂಟು. ನೇರವಾಗಿ ಹೇಳುತ್ತೇನೆ, ಒಳಗೆ ಕರೆದುಕೊಂಡು ಹೋಗುವ ಹಾಗಿಲ್ಲ. ಬೇಕಲ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಂಥ ಜಾಗಗಳಿಗೆ 1959ರ ನಿಯಮಗಳಿವೆ. ಸ್ಮಾರಕದ ಕೆಲಸಕ್ಕೆ ಬೇಕಾದದ್ದು ಬಿಟ್ಟು ಬೇರೆ ಯಾವ ಪ್ರಾಣಿಯನ್ನೂ ಒಳಗೆ ತರಬಾರದು ಅಂತ ಅದರಲ್ಲಿ ಬರೆದಿದೆ. ಬೆಲ್ಟ್ ಹಾಕಿದ್ದರೂ ಅಷ್ಟೇ. ಟಿಕೆಟ್ ಕೊಡುವವರ ಹತ್ತಿರ ವಾದ ಮಾಡಬೇಡಿ ಮಾರಾಯ್ರೆ, ಅದು ಅವರ ಕೈಯಲ್ಲಿಲ್ಲ.

ಆದರೂ ಬನ್ನಿ. ಎರಡು ಪಾಳಿ ಮಾಡಿಕೊಳ್ಳಿ. ಮೊದಲು ಮಾವನ ಜೊತೆ ಒಬ್ಬರು ಒಳಗೆ ಹೋಗಲಿ. ಸುಮಾರು 40 ಎಕರೆ ಜಾಗ, ಅವಸರ ಮಾಡಬೇಡಿ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ಹೆಚ್ಚಿನವರು ಹೇಳುತ್ತಾರೆ. 1763ರಲ್ಲಿ ಹೈದರಾಲಿ ಕೈಗೆ ಹೋಯಿತು, ಟಿಪ್ಪು ಸತ್ತ ಮೇಲೆ ಇಂಗ್ಲಿಷರ ಪಾಲಾಯಿತು. 1956ರವರೆಗೆ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯೇ ಅಲ್ವಾ! ಮಾವನಿಗೆ ಗೋಡೆಯ ಕಿಂಡಿಗಳನ್ನು ಮರೆಯದೆ ತೋರಿಸಿ. ಮೇಲಿನದರಲ್ಲಿ ಕಣ್ಣಿಟ್ಟರೆ ದೂರದ ಕಡಲು, ಕೆಳಗಿನದರಲ್ಲಿ ಗೋಡೆಯ ಬುಡ ಕಾಣುತ್ತದೆ. ದೂರದ ಶತ್ರುವಿಗೆ ಒಂದು, ಹತ್ತಿರ ಬಂದವನಿಗೆ ಇನ್ನೊಂದು. ನನಗೆ ಇಡೀ ಕೋಟೆಯಲ್ಲಿ ಅತಿ ಇಷ್ಟದ ಜಾಗ ಅದು.

ಅಷ್ಟರವರೆಗೆ ಕರಿಯನ ಜೊತೆ ಇನ್ನೊಬ್ಬರು ಹೊರಗೆ ನೆರಳಲ್ಲಿ ಇರಲಿ. ಗೇಟಿನ ಹತ್ತಿರ ಆಂಜನೇಯನ ಗುಡಿ ಉಂಟು, ಅದರ ಎದುರು ಮಾತ್ರ ಕಟ್ಟಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ, ಗ್ಲಾಸ್ ಸ್ವಲ್ಪ ಇಳಿಸಿ ಕಾರಿನಲ್ಲೇ ಬಿಟ್ಟು ಹೋಗಬೇಡಿ. ಪಾರ್ಕಿಂಗ್‌ನಲ್ಲಿ ಹಾಗೆ ಬಿಟ್ಟಿದ್ದ ಒಂದು ಲ್ಯಾಬ್ರಡಾರ್ ನಾಯಿ ನಾಲಿಗೆ ಪೂರ್ತಿ ಹೊರಗೆ ಹಾಕಿ, ಗ್ಲಾಸಿಗೆ ಮೂಗು ಒತ್ತಿ ಏದುಸಿರು ಬಿಡುತ್ತಿತ್ತು. ಗ್ಲಾಸಿನ ತುಂಬ ಜೊಲ್ಲು. ಮಾಲೀಕರನ್ನು ಹುಡುಕಿ ಕರೆಸುವಷ್ಟರಲ್ಲಿ ನಮಗೆ ಜೀವ ಬಾಯಿಗೆ ಬಂದಿತ್ತು.

ಬಿಸಿಲು ಇಳಿದ ಮೇಲೆ ಎಲ್ಲರೂ ಸೇರಿ ಕಡಲ ಬದಿಗೆ ಹೋಗಿ. ಕೋಟೆಯ ದಕ್ಷಿಣಕ್ಕೆ ಪಳ್ಳಿಕ್ಕರೆ ಬೀಚ್. ಅಲ್ಲಿನ ಪಾರ್ಕಿನ ಗೇಟಿನಲ್ಲಿ ನಾಯಿ ಇದೆ ಅಂತ ಮೊದಲೇ ಹೇಳಿ ಕೇಳಿಕೊಳ್ಳಿ. ಕೋಟೆ ನೋಡಬೇಕಾದ್ದು ಮರಳಿನ ಮೇಲೆ ನಿಂತು ಅನ್ನುವವನು ನಾನು. ಕೆಂಪುಕಲ್ಲಿನ ಗೋಡೆ ಬಂಡೆಯ ಮೇಲಿಂದ ನೆಟ್ಟಗೆ ಎದ್ದಿದೆ, ಬುರುಜು ಕಡಲಿಗೆ ಚಾಚಿಕೊಂಡಿದೆ. ಒಳಗಿದ್ದರೆ ಅದರ ಎತ್ತರವೇ ಗೊತ್ತಾಗುವುದಿಲ್ಲ.

ಪಶುವೈದ್ಯೆ, ಉಡುಪಿ:
ಮೇಲಿನವರು ಸರಿಯಾಗಿ ಹೇಳಿದ್ದಾರೆ. ನನ್ನದೂ ಸ್ವಲ್ಪ ಸೇರಿಸುತ್ತೇನೆ. ಬೀಚ್‌ಗಳಲ್ಲಿ ಬೀದಿ ನಾಯಿಗಳು ಇರುತ್ತವೆ, ಕರಿಯನ ರೇಬೀಸ್ ಲಸಿಕೆಯ ತಾರೀಕು ನೋಡಿಕೊಳ್ಳಿ. ಕಾರ್ಡ್ ಕಾರಿನಲ್ಲೇ ಇರಲಿ. ಮರಳು ಮುಟ್ಟಿ ನೋಡಿ, ನಿಮ್ಮ ಹಿಂಗೈ ಐದಾರು ಸೆಕೆಂಡ್ ತಡೆಯದಿದ್ದರೆ ಅವನ ಪಾದವೂ ತಡೆಯುವುದಿಲ್ಲ. ಕುಡಿಯಲು ಮನೆಯ ನೀರು ಒಯ್ಯಿರಿ. ಕಡಲ ನೀರು ಕುಡಿದರೆ ವಾಂತಿ, ಭೇದಿ ಶುರುವಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ಸತ್ತ ಮೀನಿಗೆ. ಬಲೆಗೆ ಸಿಕ್ಕಿದ ಬೇಡದ ಮೀನುಗಳನ್ನು ದಡದಲ್ಲೇ ಎಸೆದಿರುತ್ತಾರೆ. ಅದರಲ್ಲಿ ಹೊಟ್ಟೆ ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನೂ ಇರಬಹುದು. ಅದರ ವಿಷಕ್ಕೆ ಮದ್ದಿಲ್ಲ, ಉಸಿರಾಟವೇ ನಿಂತುಹೋಗುತ್ತದೆ. ಎಷ್ಟು ಒಳ್ಳೆಯ ನಾಯಿಯಾದರೂ ದಡದಲ್ಲಿ ಬೆಲ್ಟ್ ಬಿಡಬೇಡಿ.

ಕರಿಯನ ಅಮ್ಮ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೀನಿನ ವಿಷಯ ಗೊತ್ತೇ ಇರಲಿಲ್ಲ, ನಮ್ಮವನು ಒಣಮೀನು ಕಂಡರೆ ಬಿಡುವವನಲ್ಲ. ಪಾಳಿಯ ಮಾತಿಗೆ ಮಾವ ಒಪ್ಪಿದ್ದಾರೆ. ಅತ್ತೆಗೆ ಮೊಣಕಾಲು ನೋವು, ಒಳಗೆ ಮೆಟ್ಟಿಲು ಜಾಸ್ತಿ ಇದೆಯಾ?

ಉದುಮದವ:
ನಡುವಿನ ದೊಡ್ಡ ವೀಕ್ಷಣಾ ಗೋಪುರಕ್ಕೆ ಅಗಲವಾದ ಇಳಿಜಾರು ದಾರಿ ಉಂಟು, ನಿಧಾನಕ್ಕೆ ಹತ್ತಬಹುದು. ಮೇಲೆ ನಿಂತರೆ ಸುತ್ತಲಿನ ಊರು, ಕಡಲು ಎಲ್ಲ ಕಾಣುತ್ತದೆ. ಒಳಗೆ ನೆರಳು ಕಡಿಮೆ, ಕೊಡೆ ಹಿಡಿದುಕೊಳ್ಳಿ. ಕಾಸರಗೋಡಿನಿಂದ ಚಂದ್ರಗಿರಿ ಸೇತುವೆ ದಾಟಿ ಕರಾವಳಿ ರಸ್ತೆಯಲ್ಲೇ ಬನ್ನಿ. ಸೇತುವೆ ಹತ್ತಿರ ಚಂದ್ರಗಿರಿ ಕೋಟೆ ಇದೆ, ಅದೂ ಕೆಳದಿಯವರದ್ದೇ. ಮಾವನಿಗೆ ಹೇಳಿಡಿ.