ಅಪ್‌ಡೇಟ್: ಪೀಣ್ಯದ ಶಾಪ್‌ನಲ್ಲಿ ಪ್ರೆಸ್‌ಗೆ ಗಾರ್ಡ್ ಬಂತು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕೆಲಸ ಮಾಡೋ ಪೀಣ್ಯದ ಶಾಪ್‌ನಲ್ಲಿ ಪವರ್ ಪ್ರೆಸ್‌ನ (ಲೋಹದ ಹಾಳೆ ಒತ್ತಿ ಕತ್ತರಿಸೋ ಮಷೀನ್) ಗಾರ್ಡ್, ಅಂದ್ರೆ ಕೈ ಒಳಗೆ ಹೋಗದ ಹಾಗೆ ತಡೆಯೋ ರಕ್ಷಣೆ, ಬಿಚ್ಚಿಟ್ಟಿದ್ದಾರೆ, ಗ್ಲೌಸ್ ದುಡ್ಡನ್ನೂ ಸಂಬಳದಲ್ಲಿ ಹಿಡೀತಾರೆ, ಏನು ಮಾಡೋದು ಅಂತ ಕೇಳಿದ್ದೆ.

ಸೂಪರ್‌ವೈಸರ್ ಹತ್ರ ಬಾಯಿಮಾತಲ್ಲಿ ಹೇಳಿ ನೋಡಿ ಅಂದಿದ್ರಲ್ಲ, ಅದು ನಡೀಲಿಲ್ಲ. "ಗಾರ್ಡ್ ಇದ್ರೆ ಪ್ರೊಡಕ್ಷನ್ ಬೀಳುತ್ತೆ" ಅಂದ್ಬಿಟ್ರು. ಕೆಲಸಕ್ಕೆ ಬಂದಿದ್ದು ಬರವಣಿಗೆಯಲ್ಲಿ ಕೊಡಿ ಅನ್ನೋ ಸಲಹೆ. ಮಷೀನ್ ನಂಬರ್ ಬರೆದು, ಫೋಟೋ ಲಗತ್ತಿಸಿ ಮಾಲೀಕರಿಗೆ ಪತ್ರ ಕೊಟ್ವಿ. ಒಂದು ಪ್ರತಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ಹೋಯ್ತು. ಇಲಾಖೆಯವರು ಬರೋ ಮೊದಲೇ ಮಾಲೀಕರು ಫಿಟರ್‌ನ ಕರೆಸಿದ್ರು! ಈಗ ಮುಂದಿನ ಜಾಲರಿ ಬಾಗಿಲು ಪೂರ್ತಿ ಮುಚ್ಚದೆ ರ‍್ಯಾಮ್ (ಮೇಲಿಂದ ಒತ್ತೋ ಭಾಗ) ಕೆಳಗಿಳಿಯೋದೇ ಇಲ್ಲ. ಅಮ್ಮನಿಗೆ ಈಗ ನೆಮ್ಮದಿ.

ನನಗೆ ಆಶ್ಚರ್ಯ ಆಗಿದ್ದು ಗ್ಲೌಸ್ ವಿಷಯ. ಸುರಕ್ಷತೆಗೆ ಮಾಲೀಕರು ಕೊಡಬೇಕಾದ ಯಾವುದಕ್ಕೂ ಕಾರ್ಮಿಕರಿಂದ ದುಡ್ಡು ವಸೂಲಿ ಮಾಡೋ ಹಾಗಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಇದು ಇತ್ತು, 2020ರ ಹೊಸ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲೂ ಇದೆ. ಹಿಡಿದ ಹಣ ಇನ್ನೂ ವಾಪಸ್ ಬಂದಿಲ್ಲ. ಅದನ್ನ ಬಿಡೋ ಮಾತೇ ಇಲ್ಲ.

ಹಾಗೇ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರೋರು ಗಮನಿಸಿ: ಕೆಲಸದಲ್ಲಿ ಗಾಯವಾಗಿ ರಜೆ ಹಾಕಬೇಕಾದ್ರೆ ಸಂಬಳದ ಶೇ. 90ರಷ್ಟು ಸಿಗುತ್ತೆ. ಹೊಸದಾಗಿ ಸೇರಿದವರಿಗೂ ಅನ್ವಯ.

ಪತ್ರದ ಒಕ್ಕಣೆ ತಿದ್ದಿಕೊಟ್ಟ ಅಣ್ಣನಿಗೆ ತುಂಬಾ ಥ್ಯಾಂಕ್ಸ್.